ಕುದುರೆಯ ಹೊಟ್ಟೆಶೂಲೆ: ನರಳಾಟ ನೋಡಬೇಡಿ, ನಾಡಿ ಎಣಿಸಿ

ಪ್ರಶ್ನೆ: ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಕಾಫಿ ತೋಟ. ಮನೆಯಲ್ಲಿ ದನಕರುಗಳು ಮೊದಲಿನಿಂದಲೂ ಇವೆ, ಕುದುರೆ ಮಾತ್ರ ಹೊಸದು. ಓಟದಿಂದ ನಿವೃತ್ತಿಯಾದ ಒಂಬತ್ತು ವರ್ಷದ ಹೆಣ್ಣು ಕುದುರೆಯೊಂದನ್ನು ಮೇ ತಿಂಗಳಲ್ಲಿ ಮೈಸೂರಿನಿಂದ ತಂದೆವು. ಕಕ್ಕಡ ಪದಿನೆಟ್ಟಿಗೆ (ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಆಗಸ್ಟ್ ಮೊದಲ ವಾರ) ಎರಡು ದಿನ ಮುಂಚೆ, ಜೋರು ಮಳೆಯ ರಾತ್ರಿ, ಅದು ಮೇವು ಬಿಟ್ಟು ಮುಂಗಾಲಿನಿಂದ ನೆಲ ಕೆರೆಯತೊಡಗಿತು, ಮತ್ತೆ ಮತ್ತೆ ತಿರುಗಿ ಹೊಟ್ಟೆಯ ಕಡೆ ನೋಡಿತು, ಮಲಗುವುದು ಏಳುವುದು ಮಾಡಿತು. ಫೋನ್ ಸಿಗಲಿಲ್ಲ. ನೆರೆಮನೆಯ ಮಾವ ದನಕ್ಕೆ ಹಾಕುವಂತೆ ಗೊಟ್ಟದಲ್ಲಿ (ಮದ್ದು ಕುಡಿಸುವ ಬಿದಿರಿನ ಕೊಳವೆಯಲ್ಲಿ) ಇಂಗು ಕಲಸಿದ ಎಳ್ಳೆಣ್ಣೆ ಕುಡಿಸಿದರು. ನಾವು ಸರದಿಯ ಮೇಲೆ ಬೆಳಗಿನವರೆಗೆ ನಡೆಸಿದೆವು. ಬೆಳಗ್ಗೆ ಲದ್ದಿ ಹಾಕಿ ಸರಿಹೋಯಿತು. ನಾವು ಮಾಡಿದ್ದು ಸರಿಯೇ? ಇನ್ನೊಮ್ಮೆ ಬಂದರೆ ಅದು ಅಪಾಯದ್ದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಕುದುರೆಯನ್ನು ವಾಪಸು ಕೊಟ್ಟುಬಿಡೋಣ ಎಂದು ಮನೆಯಲ್ಲಿ ಮಾತು ನಡೆದಿದೆ. ಮೂರು ವಾರ ಕಳೆದರೂ ನನಗೆ ರಾತ್ರಿ ಸರಿಯಾಗಿ ನಿದ್ದೆ ಬರುತ್ತಿಲ್ಲ.

ಉತ್ತರ: ಮೊದಲು ಗೊಟ್ಟದ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಆ ರಾತ್ರಿ ನಿಮ್ಮ ಕುದುರೆಗೆ ಎದುರಾದ ದೊಡ್ಡ ಅಪಾಯ ಹೊಟ್ಟೆಯದಲ್ಲ, ಎಣ್ಣೆಯದು. ನಿಮ್ಮ ಮಾವನವರು ಒಳ್ಳೆಯ ಮನಸ್ಸಿನಿಂದ, ತಮ್ಮ ಅನುಭವದಲ್ಲಿ ದನಗಳಿಗೆ ಫಲ ಕೊಟ್ಟ ಮದ್ದನ್ನೇ ಕೊಟ್ಟಿದ್ದಾರೆ, ಅವರನ್ನು ದೂರುವ ಅಗತ್ಯವಿಲ್ಲ. ಆದರೆ ಕುದುರೆಯ ತಲೆಯನ್ನು ಮೇಲೆತ್ತಿ ಬಾಯಿಗೆ ಸುರಿದ ಎಣ್ಣೆ ಅನ್ನನಾಳಕ್ಕೆ ಹೋಗುವಷ್ಟೇ ಸುಲಭವಾಗಿ ಶ್ವಾಸನಾಳಕ್ಕೂ ಇಳಿಯುತ್ತದೆ, ಮತ್ತು ಎಣ್ಣೆ ನೀರಿನಂತೆ ಗಂಟಲನ್ನು ಕೆರಳಿಸುವುದಿಲ್ಲವಾದ್ದರಿಂದ ಕೆಮ್ಮೇ ಬಾರದೆ ಶ್ವಾಸಕೋಶ ಸೇರಬಹುದು. ಅಲ್ಲಿಗೆ ಸೇರಿದ ಎಣ್ಣೆಯನ್ನು ಹೊರತೆಗೆಯುವ ದಾರಿ ಇಲ್ಲ, ಅದರಿಂದ ಬರುವ ನ್ಯುಮೋನಿಯಾ ಹೊಟ್ಟೆಶೂಲೆಗಿಂತ ಕೆಟ್ಟದ್ದು. ಮೂರು ವಾರ ಕಳೆದರೂ ಕೆಮ್ಮು, ಮೂಗಿನಿಂದ ಸ್ರಾವ, ಜ್ವರ, ಏದುಸಿರು ಇವು ಯಾವುವೂ ಕಾಣದಿದ್ದರೆ ನೀವು ಪಾರಾದಿರಿ ಎಂದೇ ತಿಳಿಯಬಹುದು. ಇನ್ನು ಮುಂದೆ ಕುದುರೆಯ ಬಾಯಿಗೆ ಗೊಟ್ಟ, ಬಾಟಲಿ, ದೊಡ್ಡ ಸಿರಿಂಜು ಯಾವುದರಿಂದಲೂ ಎಣ್ಣೆ, ಕಷಾಯ, ಸೋಡಾ ಹಾಕಬೇಡಿ. ವೈದ್ಯರೂ ಎಣ್ಣೆ ಕೊಡುವುದುಂಟು, ಆದರೆ ಅವರು ಮೂಗಿನ ಮೂಲಕ ಜಠರದವರೆಗೆ ನಳಿಕೆ ಇಳಿಸಿ, ನಳಿಕೆ ಸರಿಯಾದ ಜಾಗದಲ್ಲಿದೆ ಎಂದು ಖಚಿತಪಡಿಸಿಕೊಂಡು, ಆಮೇಲೆ ಕೊಡುತ್ತಾರೆ.

ದನ ಸಾಕಿದವರು ಕುದುರೆ ಸಾಕಲು ಹೊರಟಾಗ ಮೊದಲು ಬಿಡಬೇಕಾದದ್ದು ದನದ ಹೊಟ್ಟೆಯ ಲೆಕ್ಕವನ್ನು. ದನ ಮೆಲುಕು ಹಾಕುತ್ತದೆ, ಗಾಳಿಯನ್ನು ತೇಗಿ ಹೊರಹಾಕುತ್ತದೆ. ಕುದುರೆಗೆ ಇವೆರಡೂ ಇಲ್ಲ, ವಾಂತಿಯನ್ನೂ ಅದು ಮಾಡಲಾರದು, ಏಕೆಂದರೆ ಅನ್ನನಾಳವು ಜಠರವನ್ನು ಸೇರುವಲ್ಲಿ ಇರುವ ಸ್ನಾಯುವಿನ ಉಂಗುರ ಒಂದೇ ದಿಕ್ಕಿಗೆ ತೆರೆಯುವ ಬಾಗಿಲಿನಂತೆ ಬಿಗಿಯಾಗಿದೆ. ಅಷ್ಟು ದೊಡ್ಡ ಪ್ರಾಣಿಗೆ ಜಠರ ಇರುವುದು 8ರಿಂದ 15 ಲೀಟರಿನಷ್ಟು ಮಾತ್ರ. ಅದರ ಮುಂದೆ ಇಪ್ಪತ್ತು ಮೀಟರಿಗೂ ಹೆಚ್ಚು ಉದ್ದದ ಸಣ್ಣ ಕರುಳು, ಅದರ ಮುಂದೆ ಹುಲ್ಲನ್ನು ಹುಳಿಸಿ ಜೀರ್ಣಿಸುವ ದೊಡ್ಡ ಕರುಳು. ಈ ದೊಡ್ಡ ಕರುಳು ಮೂರು ನಾಲ್ಕು ಮೀಟರ್ ಉದ್ದವಿದ್ದು, ಮಡಚಿಕೊಂಡು ಹೊಟ್ಟೆಯಲ್ಲಿ ಬಹುಮಟ್ಟಿಗೆ ಸಡಿಲವಾಗಿಯೇ ಕುಳಿತಿರುತ್ತದೆ. ಎಡಗಡೆ, ಸೊಂಟದ ಹತ್ತಿರ, ಅದು ಹಿಂದಕ್ಕೆ ಮಡಚಿಕೊಳ್ಳುವ ಒಂದು ತಿರುವು ಇದೆ. ಅಗಲವಾದ ಕೊಳವೆ ಅಲ್ಲಿ ಒಮ್ಮೆಗೆ ಕಿರಿದಾಗುತ್ತದೆ. ಒಣಗಿದ ಮೇವು ಕಟ್ಟಿಕೊಳ್ಳುವುದು ಹೆಚ್ಚಾಗಿ ಅಲ್ಲಿಯೇ. ಗಾಳಿ ತುಂಬಿದಾಗ ಈ ಸಡಿಲವಾದ ಕರುಳು ತನ್ನ ಜಾಗ ಬಿಟ್ಟು ತೇಲಿಹೋಗಬಹುದು, ಗುಲ್ಮ ಮತ್ತು ಮೂತ್ರಪಿಂಡದ ನಡುವಿನ ಪಟ್ಟಿಯ ಮೇಲೆ ಜೋತುಬೀಳಬಹುದು, ಇಲ್ಲವೇ ತನ್ನ ಸುತ್ತಲೇ ಮುರುಚಿಕೊಂಡು ರಕ್ತಸಂಚಾರ ನಿಂತುಹೋಗಬಹುದು.

ಆದ್ದರಿಂದ ಹೊಟ್ಟೆಶೂಲೆ ಎನ್ನುವುದು ಒಂದು ರೋಗದ ಹೆಸರಲ್ಲ, ಹೊಟ್ಟೆಯೊಳಗೆ ಏನೋ ನೋಯುತ್ತಿದೆ ಎಂಬ ಸೂಚನೆ ಮಾತ್ರ. ಗಾಳಿ ತುಂಬಿಯೋ ಕರುಳು ಹಿಡಿದುಕೊಂಡೋ ಬರುವ ನೋವು ಜೋರಾಗಿಯೇ ಇರುತ್ತದೆ, ಬಿಟ್ಟು ಬಿಟ್ಟು ಬರುತ್ತದೆ, ಹೊಟ್ಟೆ ಗುಡುಗುಡು ಎನ್ನುತ್ತಿರುತ್ತದೆ, ಹೆಚ್ಚಿನ ವೇಳೆ ಒಂದೆರಡು ಗಂಟೆಗಳಲ್ಲಿ ತಾನಾಗಿ ಅಥವಾ ಒಂದು ಚುಚ್ಚುಮದ್ದಿಗೆ ಇಳಿಯುತ್ತದೆ. ನಿಮ್ಮ ವಿವರಣೆ ನೋಡಿದರೆ ಆ ರಾತ್ರಿಯದು ಬಹುಶಃ ಇದೇ ಬಗೆಯದು. ಮೇವು ಕಟ್ಟಿಕೊಂಡರೆ ನೋವು ಮಂದವಾಗಿ, ಒಂದೆರಡು ದಿನ ಎಳೆಯುತ್ತದೆ. ಕುದುರೆ ಅರ್ಧ ತಿಂದು ಬಿಡುತ್ತದೆ, ಲದ್ದಿ ಸಣ್ಣದಾಗಿ, ಗಟ್ಟಿಯಾಗಿ, ಮೇಲೆ ಲೋಳೆ ಮೆತ್ತಿಕೊಂಡು ಬಿದ್ದು ಆಮೇಲೆ ನಿಂತುಹೋಗುತ್ತದೆ. ಕರುಳು ಮುರುಚಿಕೊಂಡರೆ ಮಾತ್ರ ಗಂಟೆಗಳ ಲೆಕ್ಕ. ಹೊಟ್ಟೆಶೂಲೆಯ ಹತ್ತು ಕುದುರೆಗಳಲ್ಲಿ ಸುಮಾರು ಒಂಬತ್ತು ಲಾಯದಲ್ಲೇ ಔಷಧದಿಂದ ಸುಧಾರಿಸಿಕೊಳ್ಳುತ್ತವೆ ಎಂಬುದನ್ನು ಧೈರ್ಯಕ್ಕಾಗಿ ನೆನಪಿಟ್ಟುಕೊಳ್ಳಿ. ಹತ್ತನೆಯದನ್ನು ಬೇಗ ಗುರುತಿಸುವುದಕ್ಕಾಗಿ ಮುಂದೆ ಹೇಳುವುದನ್ನು ಕಲಿಯಿರಿ.

ಕುದುರೆ ಎಷ್ಟು ಒದ್ದಾಡುತ್ತಿದೆ ಎಂಬುದರಿಂದ ರೋಗದ ಆಳವನ್ನು ಅಳೆಯಲು ಹೋಗಬೇಡಿ. ನಾನು ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಂದು ಲಾಯಕ್ಕೆ ರಾತ್ರಿ ಹೋಗಿದ್ದೆ. ಕುದುರೆ ಸಂಜೆಯಿಂದ ಗೋಡೆಗೆ ಮೈ ಬಡಿದುಕೊಂಡು ಹೊರಳುತ್ತಿತ್ತು, ಕಣ್ಣಿನ ಮೇಲಿನ ಎಲುಬು ಉಜ್ಜಿ ಚರ್ಮ ಕಿತ್ತಿತ್ತು. ನಡುರಾತ್ರಿ ಮೂರರ ಹೊತ್ತಿಗೆ ಅದು ಇದ್ದಕ್ಕಿದ್ದಂತೆ ಎದ್ದು ನಿಂತು ಸುಮ್ಮನಾಯಿತು. ಮಾಲೀಕರು, 'ಸದ್ಯ, ಗೆದ್ದುಕೊಂಡಿತು' ಎಂದರು, ನಾನೂ ಹಾಗೆಯೇ ನಂಬಿ ಅವರು ಕೊಟ್ಟ ಚಹಾ ಕುಡಿಯುತ್ತ ಕುಳಿತೆ. ಅರ್ಧ ಗಂಟೆ ಬಿಟ್ಟು ದವಡೆಯ ಕೆಳಗೆ ಬೆರಳಿಟ್ಟಾಗ ನಾಡಿ ನಿಮಿಷಕ್ಕೆ ತೊಂಬತ್ತನ್ನು ದಾಟಿತ್ತು, ದಾರದಷ್ಟು ಸಣ್ಣಗೆ ಓಡುತ್ತಿತ್ತು. ತುಟಿ ಎತ್ತಿ ನೋಡಿದರೆ ಒಸಡು ನೇರಳೆಹಣ್ಣು ತಿಂದ ಬಾಯಿಯಂತಿತ್ತು, ಕಿವಿಗಳು ತಣ್ಣಗಾಗಿದ್ದವು, ಕತ್ತಿನ ಮೇಲೆ ತಣ್ಣನೆಯ ಬೆವರು. ಹಿಗ್ಗಿ ಹಿಗ್ಗಿ ಜಠರ ಒಡೆದುಹೋಗಿತ್ತು. ಒತ್ತಡ ಇಳಿದದ್ದರಿಂದ ನೋವೂ ಇಳಿದಿತ್ತು, ಅಷ್ಟೇ. ಬೆಳಕು ಹರಿಯುವಷ್ಟರಲ್ಲಿ ಅದು ಸತ್ತಿತು. ಸುಮ್ಮನಾದ ಕ್ಷಣದಲ್ಲೇ ನಾಡಿ ಎಣಿಸಿದ್ದರೆ ಅದು ಬದುಕುತ್ತಿತ್ತು ಎಂದಲ್ಲ, ಆದರೆ ಅರ್ಧ ಗಂಟೆ ಅದು ಸಹಿಸಿದ ಕಷ್ಟವನ್ನಾದರೂ ನಾನು ತಪ್ಪಿಸಬಹುದಿತ್ತು. ಆ ದಿನದಿಂದ ಕುದುರೆ ಒದ್ದಾಡಲಿ, ಸುಮ್ಮನಿರಲಿ, ಮೊದಲು ಬೆರಳು ದವಡೆಗೆ ಹೋಗುತ್ತದೆ.

ನಾಡಿ ನೋಡುವ ಬಗೆ ಇದು. ಕುದುರೆಯ ಎಡಗಡೆ ನಿಂತು, ಕೆಳದವಡೆಯ ಎಲುಬಿನ ಅಂಚನ್ನು ಬೆರಳ ತುದಿಗಳಿಂದ ಸವರುತ್ತ ಬನ್ನಿ. ಕೆನ್ನೆಯ ದಪ್ಪ ಸ್ನಾಯು ಮುಂಭಾಗದಲ್ಲಿ ಮುಗಿಯುವ ಕಡೆ, ಎಲುಬಿನ ಒಳ ಅಂಚಿನಲ್ಲಿ, ಬೆರಳಡಿಯಲ್ಲಿ ಅತ್ತಿತ್ತ ಜಾರುವ ದಪ್ಪ ದಾರದಂಥ ನಾಳ ಸಿಗುತ್ತದೆ. ಅದನ್ನು ಎಲುಬಿಗೆ ಮೆಲ್ಲಗೆ ಒತ್ತಿ ಹಿಡಿಯಿರಿ, ಹೆಬ್ಬೆರಳು ಬಳಸಬೇಡಿ, ನಿಮ್ಮದೇ ನಾಡಿ ಸಿಕ್ಕಿಬಿಡುತ್ತದೆ. ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ವಿಶ್ರಾಂತಿಯಲ್ಲಿರುವ ಬೆಳೆದ ಕುದುರೆಗೆ ನಿಮಿಷಕ್ಕೆ 28ರಿಂದ 44 ಸಹಜ. ಓಡಿ ಪಳಗಿದ ನಿಮ್ಮ ಕುದುರೆಗೆ ಬಹುಶಃ ಮೂವತ್ತರ ಆಸುಪಾಸಿನಲ್ಲಿರುತ್ತದೆ. ನೋವಿಗೆ 50ರವರೆಗೆ ಏರುವುದುಂಟು. 60 ದಾಟಿ, ನೋವು ಕಡಿಮೆ ಇದ್ದಾಗಲೂ ಅಲ್ಲೇ ನಿಂತರೆ ಕರುಳಿಗೆ ಗಂಭೀರವಾದದ್ದೇನೋ ಆಗಿದೆ ಎಂದು ತಿಳಿಯಿರಿ, 80 ಎಂದರೆ ಪ್ರಾಣಾಪಾಯ. ಸ್ಟೆತಾಸ್ಕೋಪ್ ಒಂದನ್ನು ಕೊಳ್ಳಿ, ಸಾಮಾನ್ಯವಾದದ್ದೇ ಸಾಕು. ಎಡಮೊಣಕೈಯ ಹಿಂದೆ ಎದೆಗಿಟ್ಟರೆ ಹೃದಯದ ಜೋಡಿ ಸದ್ದು ಕೇಳುತ್ತದೆ, ಆ ಜೋಡಿಯನ್ನು ಒಂದೆಂದು ಎಣಿಸಬೇಕು. ಅದನ್ನೇ ಹೊಟ್ಟೆಯ ಎರಡೂ ಪಕ್ಕೆಗಳಲ್ಲಿ ಮೇಲೊಮ್ಮೆ ಕೆಳಗೊಮ್ಮೆ ಇಟ್ಟು, ಪ್ರತಿ ಜಾಗದಲ್ಲೂ ಒಂದು ನಿಮಿಷ ಕೇಳಿ. ಆರೋಗ್ಯವಾದ ಹೊಟ್ಟೆ ಎಂದೂ ಮೌನವಾಗಿರುವುದಿಲ್ಲ. ಬಲಪಕ್ಕೆಯ ಮೇಲ್ಭಾಗದಲ್ಲಿ ಒಂದೆರಡು ನಿಮಿಷಕ್ಕೊಮ್ಮೆ ಕೊಳವೆಯಲ್ಲಿ ನೀರು ಇಳಿದಂತೆ ದೀರ್ಘವಾದ ಸದ್ದು ಬರುತ್ತದೆ, ಅದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ನಾಲ್ಕು ಕಡೆಯೂ ಸದ್ದಿಲ್ಲದಿದ್ದರೆ ಅದು ಕೆಟ್ಟ ಸೂಚನೆ.

ಒಸಡು ತಿಳಿಗುಲಾಬಿಯಾಗಿ ಒದ್ದೆಯಾಗಿರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಇಟ್ಟಿಗೆಯ ಕೆಂಪು, ಹಲ್ಲಿನ ಬುಡದಲ್ಲಿ ನೇರಳೆಯ ಗೆರೆ, ಅಂಟಂಟಾದ ಒಣಗು ಇವು ರಕ್ತಕ್ಕೆ ವಿಷ ಸೇರುತ್ತಿರುವುದರ ಗುರುತು. ಉಸಿರಾಟ ನಿಮಿಷಕ್ಕೆ 8ರಿಂದ 16, ಗುದದ್ವಾರದಲ್ಲಿ ಅಳೆದ ಉಷ್ಣತೆ 37.2ರಿಂದ 38.3 ಸೆಲ್ಸಿಯಸ್ ಸಹಜ. ಥರ್ಮಾಮೀಟರಿಗೆ ದಾರ ಕಟ್ಟಿ ಬಾಲಕ್ಕೆ ಸಿಕ್ಕಿಸಿಕೊಳ್ಳಿ. ಇವನ್ನೆಲ್ಲ ಕಾಯಿಲೆಯ ರಾತ್ರಿ ಮೊದಲ ಸಲ ಮಾಡಲು ಹೋದರೆ ಏನೂ ತಿಳಿಯುವುದಿಲ್ಲ. ಮುಂದಿನ ಹತ್ತು ದಿನ, ಬೆಳಗ್ಗೆ ಮೇವಿಗೆ ಮುಂಚೆ, ನಾಡಿ, ಉಸಿರು, ಉಷ್ಣತೆ, ಹೊಟ್ಟೆಯ ಸದ್ದು, ರಾತ್ರಿಯಿಡೀ ಬಿದ್ದ ಲದ್ದಿಯ ಗುಡ್ಡೆಗಳ ಸಂಖ್ಯೆ, ಬಕೆಟ್‌ನಲ್ಲಿ ಖಾಲಿಯಾದ ನೀರು, ಇಷ್ಟನ್ನು ತೋಟದ ಮಸ್ಟರ್ ಪುಸ್ತಕ ಬರೆಯುವಷ್ಟೇ ನಿಯಮವಾಗಿ ಬರೆದಿಡಿ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಲದ್ದಿ ಹಾಕುವುದು ವಾಡಿಕೆ. ನಿಮ್ಮ ಕುದುರೆಯ ವಾಡಿಕೆ ಎಷ್ಟು ಎಂಬುದು ನಿಮ್ಮ ಪುಸ್ತಕದಲ್ಲಿ ಮಾತ್ರ ಸಿಗುವ ಸಂಗತಿ, ಯಾವ ವೈದ್ಯರಿಗೂ ಗೊತ್ತಿರುವುದಿಲ್ಲ.

ಇನ್ನು ಆ ರಾತ್ರಿ ಮತ್ತೆ ಬಂದರೆ ಮಾಡಬೇಕಾದದ್ದು. ಲಾಯದಿಂದ ಮೇವು, ಹಿಂಡಿ ಎಲ್ಲವನ್ನೂ ತೆಗೆಯಿರಿ, ನೀರು ಮಾತ್ರ ಇರಲಿ. ಗಡಿಯಾರ ನೋಡಿ ಸಮಯ ಬರೆಯಿರಿ, ನಾಡಿ ಎಣಿಸಿ, ಒಸಡು ನೋಡಿ, ಹೊಟ್ಟೆಗೆ ಕಿವಿಗೊಡಿ, ತಕ್ಷಣ ವೈದ್ಯರಿಗೆ ಫೋನ್ ಮಾಡಿ. 'ಕುದುರೆಗೆ ಹೊಟ್ಟೆನೋವು, ಬೇಗ ಬನ್ನಿ' ಎಂದಷ್ಟೇ ಹೇಳುವುದಕ್ಕಿಂತ, 'ಎಂಟೂವರೆಗೆ ಶುರುವಾಯಿತು, ನಾಡಿ 48, ಒಸಡು ಗುಲಾಬಿ, ಎಡಪಕ್ಕೆಯಲ್ಲಿ ಸದ್ದು ಕಡಿಮೆ, ಮಧ್ಯಾಹ್ನ ಮೂರರ ನಂತರ ಲದ್ದಿ ಇಲ್ಲ, ಈ ವಾರ ಮೇವು ಬದಲಾಗಿದೆ' ಎಂದು ಹೇಳಿದರೆ, ಅವರು ಎಷ್ಟು ಅವಸರದಲ್ಲಿ ಹೊರಡಬೇಕು, ಏನೇನು ತರಬೇಕು, ಅಲ್ಲಿಯವರೆಗೆ ನೀವು ಏನು ಮಾಡಬೇಕು ಎಂಬುದನ್ನು ಫೋನಿನಲ್ಲೇ ನಿರ್ಧರಿಸಬಲ್ಲರು. ಆಮೇಲೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ನಾಡಿ ಬರೆಯುತ್ತ ಹೋಗಿ. ಒಂದು ಅಂಕಿಗಿಂತ ಅಂಕಿಗಳ ಏರಿಳಿತವೇ ಹೆಚ್ಚು ಹೇಳುತ್ತದೆ.

ರಾತ್ರಿಯಿಡೀ ನಡೆಸುವ ಅಗತ್ಯವಿರಲಿಲ್ಲ. ಹತ್ತು ಹದಿನೈದು ನಿಮಿಷ ಮೆಲ್ಲಗೆ ನಡೆಸಿದರೆ ಗಾಳಿಯ ನೋವು ಸಡಿಲಾಗುವುದುಂಟು, ಕುದುರೆಯ ಗಮನವೂ ಬೇರೆಡೆಗೆ ತಿರುಗುತ್ತದೆ. ಆದರೆ ಏಳೆಂಟು ಗಂಟೆ ಮಳೆಯಲ್ಲಿ ನಡೆದ ಕುದುರೆ ಬಳಲಿ, ಮೈಯ ನೀರಿನ ಅಂಶ ಕಳೆದುಕೊಂಡು, ವೈದ್ಯರು ಬರುವ ಹೊತ್ತಿಗೆ ನಿಲ್ಲಲಾರದಂತಾಗಿರುತ್ತದೆ. ಮಲಗಿ ಸುಮ್ಮನಿದ್ದರೆ ಮಲಗಲು ಬಿಡಿ. ಹೊರಳಿದರೆ ಕರುಳು ಮುರುಚಿಕೊಳ್ಳುತ್ತದೆ ಎಂಬ ಭಯ ಎಲ್ಲರಲ್ಲೂ ಇದೆ, ಹೆಚ್ಚಿನ ವೇಳೆ ಆಗುವುದು ಅದರ ಹಿಂದುಮುಂದು: ಮುರುಚಿಕೊಂಡ ಕರುಳಿನ ನೋವಿಗೆ ಕುದುರೆ ಹೊರಳುತ್ತದೆ. ನಿಲ್ಲಿಸಬೇಕಾದದ್ದು ಗೋಡೆಗೆ, ಕಂಬಕ್ಕೆ ಬಡಿದುಕೊಂಡು ಗಾಯ ಮಾಡಿಕೊಳ್ಳುವಂಥ ಹೊರಳಾಟವನ್ನು. ನಡೆಸುವ ಜಾಗ ಮಟ್ಟಸವಾದ ಹುಲ್ಲುನೆಲವಾಗಿರಲಿ. ಕಾಫಿ ಒಣಗಿಸುವ ಸಿಮೆಂಟಿನ ಕಣ ಮಳೆಯಲ್ಲಿ ಪಾಚಿಗಟ್ಟಿ ಲಾಳದ ಕಾಲಿಗೆ ಜಾರುತ್ತದೆ, ತೋಟದ ಇಳಿಜಾರಿನ ದಾರಿಯಂತೂ ಬೇಡವೇ ಬೇಡ. ಉದ್ದವಾದ ಹಗ್ಗ ಹಿಡಿದು ಭುಜದ ಪಕ್ಕ ನಿಲ್ಲಿ. ನೋವಿನಲ್ಲಿರುವ ನಾನೂರು ಕಿಲೋ ಪ್ರಾಣಿ ನಿಮ್ಮ ಮೇಲೆ ಬೀಳುವ ಮುನ್ನ ಎಚ್ಚರಿಸುವುದಿಲ್ಲ. ಮಕ್ಕಳನ್ನು ಆ ರಾತ್ರಿ ಲಾಯದ ಬಳಿ ಬಿಡಬೇಡಿ.

ನೋವಿನ ಮದ್ದಿನ ಬಗ್ಗೆ ಎಚ್ಚರದಿಂದಿರಿ. ಕುದುರೆಗಳಿಗೆ ವೈದ್ಯರು ಸಾಮಾನ್ಯವಾಗಿ ರಕ್ತನಾಳಕ್ಕೆ ಕೊಡುವ ಫ್ಲುನಿಕ್ಸಿನ್ ಬಹಳ ಒಳ್ಳೆಯ ಔಷಧ. ಅದರ ಗುಣವೇ ದೋಷವೂ ಹೌದು: ಮುರುಚಿಕೊಂಡ ಕರುಳಿನ ನೋವನ್ನೂ ಅದು ಕೆಲವು ಗಂಟೆ ಮರೆಮಾಡಬಲ್ಲದು, ಆ ಗಂಟೆಗಳೇ ಪ್ರಾಣ ಉಳಿಸುವ ಗಂಟೆಗಳು. ಅದನ್ನು ಮಾಂಸಕ್ಕೆ ಚುಚ್ಚಿದರೆ ಅಪರೂಪಕ್ಕೆ ಸ್ನಾಯು ಕೊಳೆಯುವ ಭೀಕರ ಸೋಂಕು ಬರುತ್ತದೆ. ವೈದ್ಯರ ಮಾತಿಲ್ಲದೆ ನೀವು ಕೊಡಬೇಡಿ, ಒಮ್ಮೆ ಕೊಟ್ಟಿದ್ದರೆ ಸಮಯ ಮತ್ತು ಪ್ರಮಾಣವನ್ನು ಮುಚ್ಚಿಡದೆ ಹೇಳಿ. ದನಕ್ಕೆಂದು ತಂದು ಬೀರುವಿನಲ್ಲಿ ಉಳಿದಿರುವ ಡೈಕ್ಲೋಫೆನಾಕ್ ಎಲ್ಲಾದರೂ ಇದ್ದರೆ ಎಸೆದುಬಿಡಿ; ರಣಹದ್ದುಗಳ ಸಾವಿಗೆ ಕಾರಣವಾದ ಆ ಔಷಧವನ್ನು ಪ್ರಾಣಿಗಳಿಗೆ ಬಳಸುವುದನ್ನು ನಮ್ಮ ದೇಶದಲ್ಲಿ 2006ರಲ್ಲೇ ನಿಷೇಧಿಸಲಾಗಿದೆ. ಪ್ರಮಾಣ ನಿರ್ಧರಿಸಲು ವೈದ್ಯರಿಗೆ ತೂಕ ಬೇಕು. ಟೇಪಿನಿಂದ ಎದೆಯ ಸುತ್ತಳತೆ ಮತ್ತು ಭುಜದ ಮೊನೆಯಿಂದ ಪೃಷ್ಠದ ಮೊನೆಯವರೆಗಿನ ಉದ್ದವನ್ನು ಸೆಂಟಿಮೀಟರಿನಲ್ಲಿ ಅಳೆದು, ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಅಂದಾಜು ಕಿಲೋ ಸಿಗುತ್ತದೆ. ಸುತ್ತಳತೆ 180, ಉದ್ದ 158 ಇದ್ದರೆ ಸುಮಾರು 430 ಕಿಲೋ.

ವೈದ್ಯರು ಬಂದ ಮೇಲೆ ಮೂಗಿನಲ್ಲಿ ನಳಿಕೆ ಹಾಕುವುದನ್ನು ನೋಡಿ ಗಾಬರಿಯಾಗಬೇಡಿ. ವಾಂತಿ ಮಾಡಲಾರದ ಪ್ರಾಣಿಗೆ ಅದೇ ವಾಂತಿ. ಎರಡು ಲೀಟರಿಗಿಂತ ಹೆಚ್ಚು ದ್ರವ ತಾನಾಗಿ ಹಿಂದಕ್ಕೆ ಹರಿದುಬಂದರೆ ಸಣ್ಣ ಕರುಳಿನಲ್ಲಿ ತಡೆ ಇದೆ ಎಂದರ್ಥ, ಆಗ ಬಾಯಿಂದಾಗಲಿ ನಳಿಕೆಯಿಂದಾಗಲಿ ಒಂದು ತೊಟ್ಟೂ ಕೊಡುವುದಿಲ್ಲ. ಹಾಗೆ ಬಾರದೆ, ಗುದದ ಮೂಲಕ ಕೈಹಾಕಿ ನೋಡಿದಾಗ ಕಟ್ಟಿಕೊಂಡ ಮೇವು ಸಿಕ್ಕರೆ, ಅದೇ ನಳಿಕೆಯಿಂದ ಲವಣ ಬೆರೆಸಿದ ನೀರನ್ನು ಕೆಲವು ಗಂಟೆಗಳಿಗೊಮ್ಮೆ ಐದಾರು ಲೀಟರಿನಂತೆ ಕೊಡುತ್ತ ಮೆದು ಮಾಡುತ್ತಾರೆ. ನೋವಿನ ಮದ್ದು ಕೊಟ್ಟ ಮೇಲೂ ನೋವು ಮರಳಿದರೆ, ನಾಡಿ 60ರ ಮೇಲೆಯೇ ನಿಂತರೆ, ಹೊಟ್ಟೆ ಉಬ್ಬುತ್ತ ಹೋದರೆ, ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಆ ಮಾತು ಬಂದಾಗ ಯೋಚಿಸಲು ಶುರುಮಾಡಿದರೆ ತಡವಾಗುತ್ತದೆ, ಕೊಡಗಿನಲ್ಲಂತೂ. ಸುಂಟಿಕೊಪ್ಪದಿಂದ ಮೈಸೂರು ನೂರು ಕಿಲೋಮೀಟರಿಗೆ ತುಸು ಹೆಚ್ಚು, ಬೆಂಗಳೂರಿಗೆ ಅಲ್ಲಿಂದ ಮತ್ತೆ ಸುಮಾರು 145 ಕಿಲೋಮೀಟರು. ಆಗಸ್ಟ್ 2018ರಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದ ದಿನಗಳನ್ನು ನೀವು ಕಂಡವರೇ. ಅಷ್ಟಾಗದಿದ್ದರೂ ಕಕ್ಕಡದಲ್ಲಿ ಒಂದು ಮರ ಅಡ್ಡ ಬಿದ್ದರೆ ಮೂರು ಗಂಟೆ ಹೋಗುತ್ತದೆ. ಆದ್ದರಿಂದ ಈ ತಿಂಗಳೇ ಕೆಲವು ಫೋನ್ ಮಾಡಿ. ನಿಮ್ಮ ತಾಲ್ಲೂಕಿನ ಪಶುವೈದ್ಯರನ್ನು, ಪಶು ಸಂಚಾರಿ ಘಟಕದ 1962 ಸಂಖ್ಯೆಯನ್ನು ಕೇಳಿ, ಕುದುರೆಗೆ ನಳಿಕೆ ಹಾಕಿ ಅಭ್ಯಾಸವಿರುವವರು ಹತ್ತಿರದಲ್ಲಿ ಯಾರು, ರಾತ್ರಿ ಬರುತ್ತಾರೆಯೇ ಎಂದು ತಿಳಿದುಕೊಳ್ಳಿ. ಹಾಸನದ ಮತ್ತು ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜುಗಳನ್ನು, ಕುದುರೆ ತಂದ ಕಡೆಯ ಓಟದ ಕುದುರೆಗಳ ವೈದ್ಯರನ್ನು ಕೇಳಿ, ಕುದುರೆಯ ಹೊಟ್ಟೆ ತೆರೆದು ಚಿಕಿತ್ಸೆ ಮಾಡುವ ವ್ಯವಸ್ಥೆ ಸದ್ಯ ಎಲ್ಲಿದೆ, ಖರ್ಚು ಎಷ್ಟಾಗಬಹುದು ಎಂದು ಬರೆದಿಟ್ಟುಕೊಳ್ಳಿ. ಕುದುರೆ ಸಾಗಿಸುವ ವಾಹನದವರ ಸಂಖ್ಯೆ ಇರಲಿ, ಕುದುರೆಗೆ ಅದರೊಳಗೆ ಹತ್ತುವ ಅಭ್ಯಾಸವೂ ಇರಲಿ. ಮನೆಯವರೆಲ್ಲ ಕುಳಿತು, ಅಂಥ ಸಂದರ್ಭ ಬಂದರೆ ಕಳಿಸುತ್ತೇವೆಯೇ ಇಲ್ಲವೇ ಎಂದು ನಿರ್ಧರಿಸಿ. ಕಳಿಸಲಾರೆವು ಎಂಬ ಉತ್ತರ ನಾಚಿಕೆಪಡುವಂಥದ್ದಲ್ಲ. ಹಾಗಿದ್ದರೆ ವಾಸಿಯಾಗದ ನೋವಿನಲ್ಲಿರುವ ಕುದುರೆಗೆ ವೈದ್ಯರು ದಯಾಮರಣ ಕೊಡುವುದನ್ನು ಒಪ್ಪುವಷ್ಟು ಮನಸ್ಸನ್ನು ಈಗಲೇ ಮಾಡಿಕೊಳ್ಳಬೇಕು. ಬೆಳಗಾಗಲಿ ನೋಡೋಣ ಎನ್ನುತ್ತ ಅದನ್ನು ನರಳಲು ಬಿಡುವುದು ಮಾತ್ರ ಆಗಕೂಡದು. ಫೋನ್ ಹೋಗುವ ರಾತ್ರಿಗಳಿಗಾಗಿ, ಸಿಗ್ನಲ್ ಸಿಗುವ ಹತ್ತಿರದ ಜಾಗ ಯಾವುದು, ಅಲ್ಲಿಗೆ ಯಾರು ಹೋಗಬೇಕು ಎಂಬುದೂ ಮೊದಲೇ ಗೊತ್ತಿರಲಿ.

ಈಗ, ಅದು ಬಂದದ್ದೇಕೆ? ಓಟದ ಲಾಯದಲ್ಲಿ ಅದಕ್ಕೆ ಹೊತ್ತಿಗೆ ಸರಿಯಾಗಿ ಓಟ್ಸ್, ಒಣಹುಲ್ಲು, ಕುದುರೆಮೆಂತ್ಯ ಸಿಗುತ್ತಿದ್ದವು, ದಿನವೂ ಓಡಾಟವಿತ್ತು. ನಿಮ್ಮಲ್ಲಿಗೆ ಬಂದ ಕೂಡಲೇ ಹೊಸಮಳೆಯ ಎಳೆಹುಲ್ಲು, ಆಮೇಲೆ ಮಳೆ ಹಿಡಿದಾಗ ಹಗಲೂ ರಾತ್ರಿಯೂ ಲಾಯ, ಬಾಯಿಗೆ ಬತ್ತದ ಹುಲ್ಲು, ಬಹುಶಃ ದನಕ್ಕೆ ಕಲಸಿದ ಹಿಂಡಿಯಲ್ಲೇ ಒಂದು ಪಾಲು. ಕರುಳಿನಲ್ಲಿ ಹುಲ್ಲನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ಒಂದು ಮೇವಿಗೆ ಒಗ್ಗಿಕೊಂಡಿರುತ್ತವೆ, ಮೇವು ಒಮ್ಮೆಗೆ ಬದಲಾದರೆ ಅವು ಸಾಯುತ್ತವೆ, ಗಾಳಿ ತುಂಬುತ್ತದೆ. ಯಾವ ಬದಲಾವಣೆಯನ್ನೂ ಹತ್ತು ಹದಿನಾಲ್ಕು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಮಾಡಿ. ದೇಹದ ತೂಕದ ನೂರಕ್ಕೆ ಒಂದೂವರೆಯಿಂದ ಎರಡರಷ್ಟು ಒಣಮೇವು, ಅಂದರೆ 430 ಕಿಲೋದ ಕುದುರೆಗೆ ದಿನಕ್ಕೆ ಆರೂವರೆಯಿಂದ ಎಂಟೂವರೆ ಕಿಲೋ ಬೇಕು. ಅದನ್ನೇ ಹಸಿಹುಲ್ಲಿನಲ್ಲಿ ಪೂರೈಸುವುದಾದರೆ ಮೂವತ್ತರಿಂದ ನಲವತ್ತು ಕಿಲೋ. ಒಂದೆರಡು ಸಲ ರಾಶಿ ಹಾಕಿ ಬಿಡುವುದಲ್ಲ, ದಿನವಿಡೀ ಮೇಯುವ ಹೊಟ್ಟೆ ಅದು, ನಾಲ್ಕೈದು ಹೊತ್ತಿಗೆ ಹಂಚಿ. ಹುರುಳಿಯಾಗಲಿ ಬೇರೆ ಧಾನ್ಯವಾಗಲಿ ಒಂದು ಹೊತ್ತಿಗೆ ಎರಡು ಕಿಲೋ ಮೀರಬಾರದು, ಕೆಲಸವಿಲ್ಲದ ಕುದುರೆಗೆ ಅದರ ಕಾಲುಭಾಗವೂ ಸಾಕು.

ಕೊಯ್ದ ಸೀಮೆಹುಲ್ಲನ್ನು ಮೂಟೆ ಕಟ್ಟಿ ಮರುದಿನಕ್ಕೆ ಇಟ್ಟರೆ ಒಳಗೆ ಕಾವು ಏರಿ ಹುಳಿಯುತ್ತದೆ. ದನಕ್ಕೆ ನಡೆದೀತು, ಕುದುರೆಗೆ ಬೇಡ. ಬೂಷ್ಟು ಹಿಡಿದ ಹುಲ್ಲು, ಮಳೆಗಾಲದಲ್ಲಿ ಕಮಟಾದ ಅಕ್ಕಿ ತೌಡು ಕೂಡ ಬೇಡ. ಬತ್ತದ ಹುಲ್ಲು ಒರಟು, ಅದೊಂದೇ ಮೇವಾದರೆ ಕರುಳಿನ ಆ ತಿರುವಿನಲ್ಲಿ ಕಟ್ಟಿಕೊಳ್ಳುತ್ತದೆ, ಅದನ್ನೇ ಕಾಲಡಿಗೆ ಹಾಸಿದರೆ ಹಸಿದ ಕುದುರೆ ಹಾಸಿಗೆಯನ್ನೂ ತಿನ್ನುತ್ತದೆ, ಮರದ ಹೊಟ್ಟು ಹಾಸಿ. ಹುತ್ತರಿ ಕಳೆದು ಬತ್ತ ಮನೆಗೆ ಬರುವ ಕಾಲದಲ್ಲಿ ಪತ್ತಾಯದ ಕೋಣೆಗೆ ಚಿಲಕ ಸರಿಯಾಗಿರಲಿ. ಒಂದು ರಾತ್ರಿ ಬತ್ತಕ್ಕೆ ಬಾಯಿ ಹಾಕಿದ ಕುದುರೆ ಹೊಟ್ಟೆಯಿಂದ ಉಳಿದರೂ ಗೊರಸಿನ ಉರಿಯೂತದಿಂದ ಕುಂಟಾಗಬಹುದು. ಕೋಳಿಯ ಆಹಾರ ಅದರ ಹತ್ತಿರವೂ ಸುಳಿಯದಿರಲಿ. ಅದರಲ್ಲಿ ಬೆರೆಸಿರಬಹುದಾದ ಮೊನೆನ್ಸಿನ್ ಎಂಬ ಔಷಧ ಅಲ್ಪ ಪ್ರಮಾಣದಲ್ಲೇ ಕುದುರೆಯ ಹೃದಯವನ್ನು ಕೊಲ್ಲುತ್ತದೆ.

ಸುತ್ತಲೂ ನೀರು ಸುರಿಯುವ ಕಾಲದಲ್ಲೇ ಕುದುರೆ ನೀರು ಕಡಿಮೆ ಕುಡಿಯುತ್ತದೆ ಎಂಬುದನ್ನು ಹೊಸಬರು ಊಹಿಸುವುದಿಲ್ಲ. ಹಸಿಹುಲ್ಲಿನಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ನೀರೇ ಇರುತ್ತದೆ, ಒಣಹುಲ್ಲಿಗೆ ಬಂದ ದಿನ ಅಷ್ಟೂ ನೀರನ್ನು ಅದು ಕುಡಿದೇ ತುಂಬಿಕೊಳ್ಳಬೇಕು, ದಿನಕ್ಕೆ 25ರಿಂದ 40 ಲೀಟರು. ಚಳಿಗೆ ತಣ್ಣೀರು ಬೇಡವೆಂದು ಮುಖ ತಿರುಗಿಸುತ್ತದೆ. ಉಗುರುಬೆಚ್ಚಗಿನ ನೀರಿಟ್ಟು ನೋಡಿ, ದಿನಕ್ಕೆ 30ರಿಂದ 50 ಗ್ರಾಂ ಉಪ್ಪನ್ನು ಮೇವಿಗೆ ಬೆರೆಸಿ, ಎಷ್ಟು ಕುಡಿಯಿತೆಂದು ತಿಳಿಯಲು ಬಕೆಟಿನಲ್ಲೇ ಕೊಡಿ. ಮಳೆ ಬಿಟ್ಟ ಹೊತ್ತಿನಲ್ಲಿ ದಿನಕ್ಕೆ ಎರಡು ಸಲವಾದರೂ ಹೊರಗೆ ತಿರುಗಾಡಿಸಿ.

ಒಂದು ಸಂಗತಿಯನ್ನು ಬಿಡಿಯಾಗಿ ಹೇಳಬೇಕು. ನಮ್ಮಲ್ಲಿ ಉಣುಗಿನ ಕಾಟಕ್ಕೆ ದನಗಳ ಮೈಗೆ ಅಮಿಟ್ರಾಜ್ ಎಂಬ ದ್ರಾವಣ ಸಿಂಪಡಿಸುವುದು ಸಾಮಾನ್ಯ. ಕುದುರೆಗೆ ಅದನ್ನು ಎಂದೂ ಹಾಕಬೇಡಿ. ಅದು ಕುದುರೆಯ ಕರುಳಿನ ಚಲನೆಯನ್ನೇ ನಿಲ್ಲಿಸಿ ದಿನಗಟ್ಟಲೆ ಮೇವು ಕಟ್ಟಿಕೊಳ್ಳುವಂತೆ ಮಾಡುತ್ತದೆ. ಆ ವಾರ ಕೊಟ್ಟಿಗೆಯಲ್ಲಿ ಅದನ್ನು ಸಿಂಪಡಿಸಿದ್ದರೆ, ಅದೇ ಬಕೆಟ್ಟಿನಲ್ಲಿ ಕುದುರೆಯ ಮೈ ತೊಳೆದಿದ್ದರೆ, ಕೆಲಸದವರನ್ನು ಬೈಯದೆ ಕೇಳಿ ತಿಳಿದುಕೊಳ್ಳಿ.

ವಾಪಸು ಕೊಡುವ ಮಾತಿಗೆ ಬಂದರೆ, ಈ ಒಂದು ರಾತ್ರಿಯ ಕಾರಣಕ್ಕೆ ಕೊಡಬೇಕಾಗಿಲ್ಲ. ಗೊತ್ತಿಲ್ಲದ ಕಾಯಿಲೆಯ ಮುಂದೆ ಇಡೀ ಮನೆ ರಾತ್ರಿ ಮಳೆಯಲ್ಲಿ ನಿಂತಿತು ಎಂಬುದೇ ನಿಮ್ಮ ಯೋಗ್ಯತೆಯ ಪ್ರಶ್ನೆಗೆ ಸಾಕಷ್ಟು ಉತ್ತರ. ಈ ತಿಂಗಳು ಮೂರು ಪರೀಕ್ಷೆ ಮಾಡಿಸಿ. ಒಂದು, ಹಲ್ಲು: ದವಡೆಹಲ್ಲಿನ ಅಂಚು ಚೂಪಾಗಿದ್ದರೆ ಅಗಿಯದ ಹುಲ್ಲು ಕರುಳಿಗೆ ಇಳಿಯುತ್ತದೆ, ಅರದಿಂದ ಉಜ್ಜಿಸಬೇಕಾಗುತ್ತದೆ. ಎರಡು, ಲದ್ದಿಯಲ್ಲಿ ಜಂತುಹುಳದ ಮೊಟ್ಟೆಗಳ ಎಣಿಕೆ: ತಿಂಗಳಿಗೊಮ್ಮೆ ಕುರುಡಾಗಿ ಜಂತುನಾಶಕ ಕೊಡುವುದಕ್ಕಿಂತ ಎಣಿಸಿ ಕೊಡುವುದು ಒಳ್ಳೆಯದು. ಮೂರು, ಓಟದ ಕುದುರೆಗಳಲ್ಲಿ ಜಠರದ ಹುಣ್ಣು ಬಹಳ ಸಾಮಾನ್ಯವಾದ್ದರಿಂದ, ಧಾನ್ಯ ತಿಂದ ಮೇಲೆ ತುಟಿ ಮೇಲಕ್ಕೆತ್ತುವುದು, ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುವುದು, ಬಾಗಿಲ ಅಂಚನ್ನು ಹಲ್ಲಿನಿಂದ ಹಿಡಿದು ಗಾಳಿ ನುಂಗುವುದು ಇವೆಯೇ ಎಂದು ಗಮನಿಸಿ ವೈದ್ಯರಿಗೆ ತಿಳಿಸಿ. ಹುತ್ತರಿಯೊಳಗೆ ಇಂಥದೇ ನೋವು ಇನ್ನೊಮ್ಮೆ ಬಂದರೆ, ಅದು ಸಣ್ಣದೇ ಆಗಿರಲಿ, ನಿಮ್ಮ ಪುಸ್ತಕದ ಆ ವಾರದ ಪುಟಗಳನ್ನು ನನಗೆ ಕಳಿಸಿಕೊಡಿ.